ನರಹರಿಯ ಉಪವಾಸ

ಹೆಂಡತಿಯ ಎದುರು ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಸೇತುರಾಮರಾಯರು ಒಂದು ಕತೆ ಬರೆದರು.

ವಿಷಯ ಇಷ್ಟೇ. ಮೂರು ವರ್ಷದ ಹಿಂದೆ ರಾಯರಿಗೆ ಹೃದಯದ ಆಪರೇಷನ್ ಆದಾಗ, ಅವರು ಉಳಿದರೆ ಪ್ರತಿ ಏಕಾದಶಿಗೂ ಉಪವಾಸ ಇರುತ್ತೇನೆಂದು ಪಂಕಜಮ್ಮ ದೇವರಿಗೆ ಹೇಳಿಕೊಂಡಿದ್ದರು. ರಾಯರು ಉಳಿದರು. ಆ ಹುರುಪಿನಲ್ಲಿ "ನಾನೂ ಇರ್ತೀನಿ" ಎಂದುಬಿಟ್ಟರು. ಅಷ್ಟಕ್ಕೇ ನಿಲ್ಲದೆ ಯಡಿಯೂರು ಕೆರೆ ಸುತ್ತುವವರಿಗೆಲ್ಲ ಉಪವಾಸದ ಮಹಿಮೆ ಕೊರೆದರು. ಆರನೆಯ ಏಕಾದಶಿಗೆ ಹೊಟ್ಟೆ ಕೇಳಲಿಲ್ಲ. ಲೈಬ್ರರಿಗೆಂದು ಹೊರಟವರು ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ಕೂತಿದ್ದರು. ಅಂದಿನಿಂದ ಏಕಾದಶಿಗೊಂದು ಮಸಾಲೆ ದೋಸೆ ಖಾಯಂ. ಸಂಜೆ ಬಾಡಿದ ಸೊಪ್ಪಿನಂತೆ ಮಲಗಿರುತ್ತಿದ್ದ ಪಂಕಜಮ್ಮನನ್ನು ನೋಡಿದಾಗ ಮಾತ್ರ ಕರುಳು ಹಿಂಡುತ್ತಿತ್ತು. ತಾನು ಉಪವಾಸ ಮುರಿದದ್ದು ಗೊತ್ತಾದರೆ ಅವಳೂ ಅದನ್ನು ಬಿಟ್ಟು ಎರಡು ತುತ್ತು ಉಂಡಾಳು ಎಂದು ಅವರಿಗೆ ಆಸೆ.

ಹಾಗೆ ಹುಟ್ಟಿದವನು ನರಹರಿ. ಊರಿಗೆಲ್ಲ ಉಪವಾಸ ಬೋಧಿಸಿ ಕದ್ದು ದೋಸೆ ತಿನ್ನುವ ಕಥಾನಾಯಕ. ವಾಕಿಂಗ್ ಸಂಘದ ಪತ್ರಿಕೆಯಲ್ಲಿ ಕತೆ ಬಂತು. ಬಂದದ್ದೂ ಏಕಾದಶಿಯ ಬೆಳಿಗ್ಗೆಯೇ.

ಕೆರೆಯ ಬಳಿ ಸಂಘದ ಕಾರ್ಯದರ್ಶಿ ಮಾಧವ ಅಡ್ಡ ಬಂದರು. "ಏನ್ ಸಾರ್, ನಿಮ್ಮ ನರಹರಿ ಶುದ್ಧ ಸೋಗಲಾಡಿ!"

"ಅಲ್ಲ ಸಾರ್. ಅವನಿಗೆ ಉಪವಾಸದಲ್ಲಿ ನಿಜವಾಗ್ಲೂ ನಂಬಿಕೆ ಇದೆ. ಹೊಟ್ಟೆ ಕೇಳಲ್ಲ, ಅಷ್ಟೇ. ಸೋಲೋದು ಸೋಗು ಹೇಗಾಗತ್ತೆ?"

"ಹಾಗಾದ್ರೆ ದೋಸೆ ತಿಂದ್ಮೇಲಾದ್ರೂ ಭಾಷಣ ನಿಲ್ಲಿಸ್ಬೇಕಿತ್ತು" ಎಂದರು ಪಕ್ಕದಲ್ಲಿದ್ದ ನಿವೃತ್ತ ಹೆಡ್‌ಮಿಸ್ ಸರಸ್ವತಿ.

ಅಷ್ಟರಲ್ಲಿ ಮಾಧವ ರಾಯರನ್ನು ಮರದಡಿಗೆ ಎಳೆದೊಯ್ದು ಪಿಸುಗುಟ್ಟಿದರು. "ಎಣ್ಣೆ ತಿಂಡಿ ಬಿಡಿ ಅಂತ ಎಲ್ರಿಗೂ ಹೇಳಿ ನಾನು ಬೋಂಡ ತಿನ್ನೋದು ನಿಮಗೆ ಯಾರ್ ಹೇಳಿದ್ದು?"

ಗೇಟಿನ ಹತ್ತಿರ ಸರಸ್ವತಿ ಕಾದು ನಿಂತಿದ್ದರು. "ರಾಯರೇ, ಮೊಮ್ಮಕ್ಕಳ ಕೈಯಿಂದ ಮೊಬೈಲ್ ಕಿತ್ಕೊಂಡು ನಾನು ಮುಸುಕಿನೊಳಗೆ ರೀಲ್ಸ್ ನೋಡ್ತೀನಲ್ಲ, ಅದನ್ನೇ ದೋಸೆ ಮಾಡಿ ಬರೆದ್ರಾ?"

ಮನೆಗೆ ಬಂದರೆ ಪಂಕಜಮ್ಮ ಪತ್ರಿಕೆ ಹಿಡಿದು ಅಳುತ್ತಿದ್ದರು. ಬೈಸಿಕೊಂಡರೂ ಸರಿ, ಇವಳು ಉಂಡರೆ ಸಾಕು ಎಂದು ರಾಯರು ಮನಸ್ಸು ಗಟ್ಟಿ ಮಾಡಿಕೊಂಡರು.

"ಪಂಕಜಾ, ಆ ನರಹರಿ..."

"ಏನೂ ಹೇಳ್ಬೇಡಿ. ನೀವು ಆಚೆ ಹೋದ್ಮೇಲೆ ನಾನು ಅವಲಕ್ಕಿ ಕಲಸ್ಕೊಂಡು ತಿಂತಿದ್ದದ್ದು, ನೀವು ಬಂದಾಗ ಸುಸ್ತಾದವರ ಹಾಗೆ ಮಲಗ್ತಿದ್ದದ್ದು, ಎಲ್ಲಾ ನಿಮಗೆ ಗೊತ್ತಿತ್ತು. ನನ್ನ ಮಾನ ಹೋಗ್ಬಾರ್ದು ಅಂತ ಗಂಡಸಿನ ಹೆಸರಿಟ್ಟು ಬರೆದಿದ್ದೀರಿ. ಎಷ್ಟು ದೊಡ್ಡ ಮನಸ್ಸು ರೀ ನಿಮ್ದು!"

ಇವಳು ಇಷ್ಟು ದಿನ ಹಸಿದಿರಲಿಲ್ಲ ಎಂದು ತಿಳಿದು ರಾಯರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿಜ ಹೇಳಿ ಇಬ್ಬರೂ ನಕ್ಕುಬಿಡಬೇಕು ಎನ್ನುವಷ್ಟರಲ್ಲಿ ಪಂಕಜಮ್ಮ ಅವರ ಕೈಯನ್ನು ಕಣ್ಣಿಗೊತ್ತಿಕೊಂಡರು. "ಕ್ಷಮಿಸಿದೀನಿ ಅನ್ನಿ."

ನಲವತ್ತು ವರ್ಷದ ಸಂಸಾರದಲ್ಲಿ ಅವರು ರಾಯರನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ರಾಯರಿಗೆ ಮನಸ್ಸು ಬರಲಿಲ್ಲ.

"ಕ್ಷಮಿಸಿದೀನಿ" ಎಂದರು ಗಂಭೀರವಾಗಿ.

ಪಂಕಜಮ್ಮ ಕಣ್ಣೊರೆಸಿಕೊಂಡರು. "ಇವತ್ತಿಂದ ನಾನೂ ನಿಮ್ಮ ಹಾಗೇ. ತೊಟ್ಟು ನೀರೂ ಮುಟ್ಟಲ್ಲ. ನೀವು ಮಾತ್ರ ಎಲ್ಲೂ ಹೋಗದೆ ದಿನವೆಲ್ಲ ನನ್ನ ಎದುರಿಗೇ ಕೂತಿರಿ. ನಿಮ್ಮನ್ನ ನೋಡ್ತಿದ್ರೆ ನಂಗೆ ಧೈರ್ಯ."