ಗೋಡೆ ಬಿಡದ ಅ

“ಐದೇ ಸ್ಲೈಡು, ಐದೇ ನಿಮಿಷ. ಆಮೇಲೆ ಜನ ನನ್ನ ಕ್ಲಾಸಿಗೆ ಮುಗಿಬೀಳದಿದ್ದರೆ, ನಾನು ಮತ್ತೆ ಬ್ರಷ್ ಮುಟ್ಟಿದರೆ ಕೇಳು,” ಎಂದು ಬೋರ್ಡು ಬರೆಯುವ ಪೇಂಟರ್ ಹೆಂಡತಿಯ ಮುಂದೆ ಶಪಥ ಮಾಡಿದ. ಶಪಥ ಅವನದು, ಸ್ಲೈಡು ಮಾಡಿದ ಕರ್ಮ ಅವಳದು.

ಫ್ಲೆಕ್ಸು ಬಂದು ಅವನ ಕಸುಬಿನ ಕುತ್ತಿಗೆ ಹಿಚುಕಿತ್ತು. ಗ್ರಂಥಾಲಯದ ಹಾಲು ಭಾನುವಾರಗಳಂದು ಯಾವುದಾದರೂ ಒಂದು ಕ್ಲಾಸಿಗೆ ಸಿಗುವುದಿತ್ತು. ಕೇಳಿದವರು ಇಬ್ಬರು, ಅಕ್ಷರ ಕಲಿಸುವ ಇವನು ಮತ್ತು ಫೋಟೋ ಕಲಿಸುವ ಸ್ಟುಡಿಯೋದವನು. ಇಬ್ಬರೂ ಸ್ಲೈಡು ತೋರಿಸಲಿ, ಜನ ಯಾರ ಕ್ಲಾಸಿಗೆ ಹೆಚ್ಚು ಕೈ ಎತ್ತುತ್ತಾರೋ ಅವರಿಗೆ ಹಾಲು ಎಂದು ಗ್ರಂಥಪಾಲಕಿ ತೀರ್ಮಾನಿಸಿದ್ದರು. ಇದೂ ಕೈತಪ್ಪಿದರೆ ಪೇಂಟರನ ಬ್ರಷ್ಷಿಗೆ ಜೇಡರ ಬಲೆ ತೆಗೆಯುವ ಕೆಲಸವೇ ಗತಿ.

“ನೀವು ಬಾಯಿ ಬಿಟ್ಟರೆ ಭಾಷಣ ಆಗುತ್ತೆ. ಸುಮ್ಮನೆ ನಿಂತಿರಿ, ಗುಂಡಿ ನಾನು ಒತ್ತುತ್ತೀನಿ,” ಎಂದಳು ಹೆಂಡತಿ.

ಬಾಯಿ ಕಟ್ಟಿದಳು, ಕೈ ಕಟ್ಟುವುದನ್ನು ಮರೆತಳು!

ಹಾಲಿನಲ್ಲಿ ಪರದೆ ಇರಲಿಲ್ಲ, ಬೆಳ್ಳಗಿನ ಗೋಡೆಯೇ ಪರದೆ. ಮೊದಲ ಸ್ಲೈಡು ಬಿತ್ತು: ‘ಅಕ್ಷರ ಬರೆಯಲು ಕಲಿಯಿರಿ’. ಆ ‘ಅ’ ನೋಡಿ ಪೇಂಟರನಿಗೆ ಸಂಕಟವಾಯಿತು. ಕಂಪ್ಯೂಟರಿನ ಅಕ್ಷರ, ಉಪವಾಸ ಸತ್ಯಾಗ್ರಹಕ್ಕೆ ಕೂತು ಎದ್ದಂತೆ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಚಳವಳಿಯ ದಿನಗಳಲ್ಲಿ ಕಂಡ ಗೋಡೆಗೆಲ್ಲ ಘೋಷಣೆ ಬರೆದು, ಪೊಲೀಸ್ ಜೀಪು ತಿರುಗುವ ಮೊದಲೇ ಮಾಯವಾಗುತ್ತಿದ್ದ ಕೈ ಅವನದು. ಹೆಗಲ ಚೀಲದಲ್ಲಿ ಕರಿ ಬಣ್ಣದ ಡಬ್ಬಿ ಬೇರೆ. ಬ್ರಷ್ಷಿನ ನಾಲ್ಕು ಬೀಸಿಗೆ ಗೋಡೆಯ ಮೇಲೇ ‘ಅ’ ಉಂಡು ತೇಗಿದಂತೆ ದುಂಡಗಾಯಿತು.

ಹೆಂಡತಿ ಲ್ಯಾಪ್‌ಟಾಪಿನಲ್ಲೇ ಕಣ್ಣಿಟ್ಟು ಗುಂಡಿ ಒತ್ತಿದಳು. ಸ್ಲೈಡು ಹೋಯಿತು, ‘ಅ’ ಹೋಗಲಿಲ್ಲ. ಮತ್ತೆ ಒತ್ತಿದಳು. ಪೇಂಟರನ ಫೋಟೋ ಬಂತು, ಅವನ ಬೋಳು ತಲೆಯ ಮೇಲೆ ‘ಅ’ ರುಮಾಲಿನಂತೆ ಕೂತಿತ್ತು. ತಲೆ ಎತ್ತಿ ನೋಡಿದವಳು ಹಣೆ ಚಚ್ಚಿಕೊಂಡಳು. ಜನ ಮಾತ್ರ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಆಮೇಲೆ ಸ್ಟುಡಿಯೋದವನ ಸರದಿ. ಹಾಲುಗಲ್ಲದ ಕೂಸಿನ ಚಿತ್ರ ಹಾಕಿದ; ಕೂಸಿಗೆ ಗಿರಿಜಾ ಮೀಸೆ! ಸೂರ್ಯಾಸ್ತ ಹಾಕಿದ, ಸೂರ್ಯನನ್ನು ‘ಅ’ ನುಂಗಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಅವನು ವೈರು ಕಿತ್ತು ಕೂತ. ಬೆಳಕು ಆರಿದರೂ ‘ಅ’ ಮಾತ್ರ ಗೋಡೆಯ ಮೇಲೆ ಗೆದ್ದ ಪೈಲ್ವಾನನಂತೆ ನಿಂತಿತ್ತು.

ಅಕ್ಷರದ ಕ್ಲಾಸಿಗೆ ಕೈ ಎತ್ತಿ ಎಂದದ್ದೇ ತಡ, ಹಾಲಿಗೆ ಹಾಲೇ ಕೈ ಎತ್ತಿತು. ಸ್ಟುಡಿಯೋದವನ ಹೆಂಡತಿಯದು ಎರಡೂ ಕೈ!

“ಹಾಲು ನಿಮ್ಮದೇ,” ಎಂದರು ಗ್ರಂಥಪಾಲಕಿ. ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿ, “ಇದು ಹೋಗುತ್ತೆ ತಾನೆ?” ಎಂದು ಕೇಳಿದರು.

ಪೇಂಟರನ ಎದೆ ಉಬ್ಬಿತು. “ಪೊಲೀಸರೇ ಕೆರೆದು ಸೋತಿದ್ದಾರೆ ಮೇಡಂ. ನನ್ನ ಅಕ್ಷರ ಅಳಿಸೋ ಗಂಡು ಇನ್ನೂ ಹುಟ್ಟಿಲ್ಲ.”

ಹೆಂಡತಿ ಅವನ ಚೀಲಕ್ಕೆ ಕೈ ಹಾಕಿ ಟರ್ಪೆಂಟೈನ್ ಬಾಟಲಿಯನ್ನೂ ಹಳೇ ಬಟ್ಟೆಯನ್ನೂ ತೆಗೆದು ಅವನ ಕೈಗೆ ತುರುಕಿದಳು.

“ಹುಟ್ಟಿದೆ, ನಾನೇ ಕಟ್ಟಿಕೊಂಡಿದ್ದೀನಿ. ಉಜ್ಜಿ.”