ನಮ್ಮ ಮನೆಯ ಡೊಮೆಸ್ಟಿಕ್

ನಮ್ಮ ಮನೆಗೆ ಬಂದ ಅತಿಥಿ ಯಾವುದೇ ಯಡವಟ್ಟಿಲ್ಲದೆ ವಾಪಸು ಹೋದ ಉದಾಹರಣೆಯೇ ಇಲ್ಲ. ಅದಕ್ಕೆ ಅರ್ಧ ಕಾರಣ ನಾನು, ಇನ್ನರ್ಧ ನಮ್ಮ ಅಮ್ಮಿ. ಅಮ್ಮಿ ಚನ್ನಪಟ್ಟಣದ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವರು. ಅಮೆರಿಕದ ಈ ಸ್ಕೋಕಿಗೆ ಬಂದು ವರ್ಷಗಳಾದರೂ ಕೈಯಲ್ಲಿ ಬೆತ್ತ ಇಲ್ಲ ಅನ್ನುವುದೊಂದು ಬಿಟ್ಟರೆ ಬೇರೇನೂ ಬದಲಾಗಿಲ್ಲ.

ನನ್ನದು ಇಲ್ಲೊಂದು ಡ್ರೈಕ್ಲೀನಿಂಗ್ ಅಂಗಡಿ. ಬೇಸಿಗೆ ಬಂದರೆ ಈ ಕಡೆ ಊರೂರಲ್ಲೂ ಸೈಕಲ್ ರೇಸು ನಡೆಯುತ್ತದೆ. ದೂರದಿಂದ ಬರುವ ಸವಾರರನ್ನು ಊರಿನವರೇ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ. ಕೋಟು ಒಯ್ಯಲು ಬಂದ ಗಿರಾಕಿಯೊಬ್ಬರು, "ನಿಮ್ಮ ಬೇಸ್‌ಮೆಂಟ್ ಖಾಲಿ ಇದೆಯಲ್ಲ, ಫ್ರಾನ್ಸಿನವನೊಬ್ಬ ಇದ್ದಾನೆ, ಒಂದು ತಿಂಗಳು" ಅಂದರು. ನಾನು ಹೂಂ ಅಂದೆ. ಎಲ್ಲ ಶುರುವಾಗಿದ್ದು ಹಾಗೆ.

೧. ಯಾವ ಟರ್ಮಿನಲ್

ಬರುವ ಮುಂಚೆ ಅವನು ಇಮೇಲ್ ಕಳಿಸಿದ. ಹೆಸರು, ಬರುವ ದಿನ, ಗಂಟೆ, ಕೊನೆಗೆ ಒಂದೇ ಪದ: ಡೊಮೆಸ್ಟಿಕ್. ಸರಿ, ನ್ಯೂಯಾರ್ಕಿನಲ್ಲಿ ಇಳಿದು ಅಲ್ಲಿಂದ ಬರುತ್ತಾನೆ ಅಂದುಕೊಂಡು ಓಹೇರ್ ವಿಮಾನ ನಿಲ್ದಾಣದ ಡೊಮೆಸ್ಟಿಕ್ ಟರ್ಮಿನಲ್‌ಗೆ ಹೋಗಿ, ಅವನ ಹೆಸರು ಬರೆದ ರಟ್ಟು ಹಿಡಿದು ನಿಂತೆ. ಎರಡು ಗಂಟೆ ನಿಂತೆ. ಕೊನೆಗೆ ಫೋನು ಬಂತು. ಅವನು ಪ್ಯಾರಿಸ್ಸಿನಿಂದ ನೇರ ಬಂದು ಇಂಟರ್‌ನ್ಯಾಷನಲ್ ಟರ್ಮಿನಲ್‌ನಲ್ಲಿ ಸೈಕಲ್ ಪೆಟ್ಟಿಗೆ ಮೇಲೆ ಕೂತಿದ್ದ.

"ಡೊಮೆಸ್ಟಿಕ್ ಅಂತ ಬರೆದಿದ್ರಲ್ಲ?" ಅಂದೆ.

"ಅದು ಫ್ಲೈಟ್ ಅಲ್ಲ ಸರ್," ಅಂದ. "ಅದು ನಾನು."

೨. ಯಾರ ಮನೆಯಲ್ಲಿ ಕೆಲಸ

ಅವತ್ತು ಊಟಕ್ಕೆ ಕೂತಾಗ ಅಮ್ಮಿ ವಿಚಾರಣೆ ಶುರು ಮಾಡಿದರು. ಡೊಮೆಸ್ಟಿಕ್ ಅಂದರೆ ಮನೆಗೆಲಸ ಅಂತ ಅವರಿಗೆ ಗೊತ್ತು. "ಪಾಪ, ಯಾರ ಮನೇಲಿ ಕೆಲಸಕ್ಕಿದ್ದ ಅಂತ ಕೇಳು" ಅಂದರು. ಕೇಳಿದೆ.

ಟೀಮಿಗೊಬ್ಬ ಲೀಡರ್ ಇರುತ್ತಾನಂತೆ, ಗೆಲ್ಲುವುದು ಅವನ ಕೆಲಸ. ಉಳಿದವರು ಅವನ ಸೇವೆಗೆ, ಅವರಿಗೇ ಡೊಮೆಸ್ಟಿಕ್ ಅಂತ ಹೆಸರು. "ಅವನಿಗೆ ನೀರು ತಂದುಕೊಡ್ತೀನಿ, ಎದುರುಗಾಳಿ ತಾಗದ ಹಾಗೆ ಅವನ ಮುಂದೆ ಹೋಗ್ತೀನಿ, ಅವನ ಚಕ್ರ ಪಂಕ್ಚರ್ ಆದ್ರೆ ನನ್ನ ಚಕ್ರ ಬಿಚ್ಚಿಕೊಡ್ತೀನಿ" ಅಂದ. ಹನ್ನೊಂದು ವರ್ಷ ಇದೇ ಕೆಲಸ. ಗೆದ್ದ ರೇಸು ಎಷ್ಟು ಅಂದರೆ ಒಂದೂ ಇಲ್ಲ. ಈ ಬೇಸಿಗೆ ಮುಗಿದರೆ ಊರಿಗೆ ಹೋಗಿ ಭಾವನ ಬೇಕರಿ ಸೇರುವವನು. ಅದಕ್ಕೆ ಮುಂಚೆ ಒಂದೇ ಒಂದು ಸಲ, ಗೆದ್ದು ಎರಡೂ ಕೈ ಮೇಲೆತ್ತಿ ಗೆರೆ ದಾಟಬೇಕು ಅನ್ನುವುದು ಅವನ ಆಸೆ. ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು.

ನನ್ನ ಮಗಳು ಫೋನಿನಿಂದ ಕಣ್ಣೆತ್ತದೆ ಅಜ್ಜಿಗೆ, "ದಾದಿ, ಇಟ್ಸ್ ಜಸ್ಟ್ ಎ ಜಾಬ್ ಟೈಟಲ್" ಅಂದಳು.

ಅಮ್ಮಿ ಅವಳನ್ನೂ ನೋಡಿದರು, ಅವಳ ಮುಂದೆ ನಾನು ಆಗತಾನೆ ತಂದಿಟ್ಟ ಜ್ಯೂಸನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಇದೇ ಕೆಲಸ ಮಾಡ್ತಿದೀಯಲ್ಲೋ. ನಿಂಗ್ಯಾಕೆ ಸೈಕಲ್ ಕೊಟ್ಟಿಲ್ಲ?" ಅಂದರು.

೩. ಗಡ್ಡ ಮತ್ತು ಕಾಲು

ಮಾರನೇ ದಿನ ನನ್ನ ರೇಜರ್ ಮೊಂಡಾಗಿತ್ತು. ಅವನಿಗೋ ಎದೆತನಕ ಗಡ್ಡ, ಅವನ ಮೇಲೆ ಅನುಮಾನ ಬರುವ ಮಾತೇ ಇಲ್ಲ. ಆಮೇಲೆ ಚಡ್ಡಿ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ. ಎರಡೂ ಕಾಲು ನುಣ್ಣಗೆ ಹೊಳೆಯುತ್ತಿದ್ದವು. ಸೈಕಲ್ ಸವಾರರೆಲ್ಲ ಹೀಗೇ, ಬಿದ್ದರೆ ಗಾಯ ತೊಳೆಯಲು ಸುಲಭ ಅಂತ ವಿವರಿಸಿದ. ನಾನು ಅಮ್ಮಿಗೆ ಅದನ್ನೇ ಹೇಳಿದೆ.

ಅಮ್ಮಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಗಡ್ಡ ಬಿಟ್ಟಿದಾನೆ, ಕಾಲು ಬೋಳಿಸಿದಾನೆ. ಯಾರೋ ಇವನಿಗೆ ಪಾಠಾನ ತಲೆಕೆಳಗು ಮಾಡಿ ಹೇಳ್ಕೊಟ್ಟಿದಾರೆ."

೪. ಒಂದು ಪದದ ಕನ್ನಡ

ಟೀಚರ್ ಸುಮ್ಮನಿರುತ್ತಾರೆಯೇ? ಕನ್ನಡ ಕಲಿಸಲು ಕೂತರು. ಅವನ ಕೆಲಸಕ್ಕೆ ಬೇಕಾದ ಪದದಿಂದಲೇ ಪಾಠ ಶುರು: ನೀರು. ಅಮ್ಮಿ "ನೀರು" ಅಂದರೆ ಅವನು ಅಡುಗೆಮನೆಗೆ ಓಡಿ ಲೋಟ ತರಬೇಕು. ಒಂದೇ ವಾರದಲ್ಲಿ ಎಷ್ಟು ಚೆನ್ನಾಗಿ ಕಲಿತನೆಂದರೆ, ಅಮ್ಮಿ ಫೋನಿನಲ್ಲಿ ತಂಗಿಯ ಹತ್ತಿರ "ಅಲ್ಲಿ ನೀರು ಬರ್ತಿದೆಯಾ?" ಅಂತ ಕೇಳಿದರೂ ಲೋಟ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಎರಡನೇ ಪಾಠಕ್ಕೆ ಅಮ್ಮಿ ಹೋಗಲೇ ಇಲ್ಲ.

ಬಿಡುವಿದ್ದಾಗ ಅವನು ಮನೆ ಮುಂದಿನ ರಸ್ತೆಯಲ್ಲಿ ಕೈ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದ. ಹನ್ನೊಂದು ವರ್ಷ ಬೇರೆಯವರು ಕೈ ಎತ್ತುವುದನ್ನು ಹಿಂದಿನಿಂದ ನೋಡಿದವನು, ಪಾಪ, ರೂಢಿಯಿರಲಿಲ್ಲ. ಅವನು ಎರಡೂ ಕೈ ಆಕಾಶಕ್ಕೆ ಎತ್ತಿದಾಗಲೆಲ್ಲ ವರಾಂಡದಲ್ಲಿದ್ದ ಅಮ್ಮಿ, ದುವಾ ಕೇಳುತ್ತಿದ್ದಾನೆ ಅಂದುಕೊಂಡು ಭಕ್ತಿಯಿಂದ "ಆಮೀನ್" ಅನ್ನುತ್ತಿದ್ದರು. ಅದು ಕೇಳಿ ಅವನು ತಿರುಗಿ ನೋಡುತ್ತಿದ್ದ, ಪಕ್ಕದ ಮನೆಯ ಬೇಲಿಗಿಡದೊಳಗೆ ಬೀಳುತ್ತಿದ್ದ. ಮೂರನೇ ಸಲ ಬಿದ್ದಾಗ ಅಮ್ಮಿ ನನ್ನನ್ನು ಕರೆದರು.

"ದುವಾ ಕೇಳೋವಾಗ ಸೈಕಲ್ ನಿಲ್ಸಬೇಕು ಅಂತ ಅವನಿಗೆ ಹೇಳು."

೫. ಸೌತ್‌ಫೀಲ್ಡಿನ ಕೊನೇ ಸುತ್ತು

ಅವನ ಕೊನೆಯ ರೇಸು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿ, ಆಫೀಸು ಟವರುಗಳ ಸುತ್ತ ಒಂದು ಮೈಲಿಯ ಸುತ್ತು, ಅಂಥವು ಐವತ್ತು. ಹಿಂದಿನ ದಿನವೇ ಅಮ್ಮಿಯನ್ನು ಕೂರಿಸಿಕೊಂಡು ಡ್ರೈವ್ ಮಾಡಿಕೊಂಡು ಹೋದೆ. ಅಮ್ಮಿ ಇಡೀ ಟೀಮಿಗೆ ಬಿರಿಯಾನಿ ಕಟ್ಟಿದ್ದರು. ನಮ್ಮವನು ಎರಡು ತುತ್ತು ತಿಂದ. ಲೀಡರ್ ಮಾತ್ರ ಹಸಿಮೆಣಸಿನಕಾಯಿಯನ್ನು ಬೀನ್ಸ್ ಅಂದುಕೊಂಡು ಆರಿಸಿ ಆರಿಸಿ ತಿಂದ. ಬೆಳಿಗ್ಗೆ ನೋಡಿದರೆ ಅವನು ಬಾತ್‌ರೂಮಿನಿಂದ ಆಚೆ ಬರುವ ಸ್ಥಿತಿಯಲ್ಲಿರಲಿಲ್ಲ.

"ಖಾರ ಇದೆ ಅಂತ ಹೇಳ್ಬೇಕಿತ್ತಮ್ಮಿ" ಅಂದೆ.

"ಹೇಳಿದ್ನಲ್ಲೋ. ಕನ್ನಡದಲ್ಲಿ ಹೇಳ್ದೆ."

ಬೇಕಂತಲೇ ಮಾಡಿದರಾ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಸೇವೆ ಮಾಡಿಸಿಕೊಳ್ಳುವವನೇ ಇಲ್ಲದ ಮೇಲೆ ಟೀಮಿನ ಮ್ಯಾನೇಜರ್ ನಮ್ಮವನಿಗೆ, "ಇವತ್ತು ನಿನಗೋಸ್ಕರ ಓಡಿಸು" ಅಂದ.

ಹತ್ತು ಸುತ್ತು ಬಾಕಿ ಇರುವಾಗ ಗುಂಪು ಬಿಟ್ಟು ಒಬ್ಬನೇ ಮುಂದೆ ಹೋದ. ಕೊನೇ ಸುತ್ತಿನ ಗಂಟೆ ಹೊಡೆದಾಗಲೂ ಅವನೇ ಮುಂದೆ, ಹಿಂದಿನವರು ಅರ್ಧ ನಿಮಿಷ ದೂರ. ನಾವು ಗೆರೆಯ ಸ್ವಲ್ಪ ಹಿಂದೆ, ಕೊನೆಯ ತಿರುವಿನಲ್ಲಿ ಬೇಲಿ ಪಕ್ಕ ಮಡಚುಕುರ್ಚಿ ಹಾಕಿಕೊಂಡಿದ್ದೆವು. ಬಿಸಿಲು ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೈದು ಡಿಗ್ರಿ. ಅವನು ತಿರುವಿಗೆ ಬರುವುದಕ್ಕೂ, ಬಾಯಾರಿದ ಅಮ್ಮಿ ನನ್ನ ಕಡೆ ತಿರುಗಿ, ಕೊನೇ ಬೆಂಚಿಗೂ ಕೇಳಿಸುವ ಟೀಚರ್ ದನಿಯಲ್ಲಿ ಕೂಗುವುದಕ್ಕೂ ಸರಿಹೋಯಿತು:

"ನೀರು!"

ಬ್ರೇಕು ಕಿರ್ ಅಂತು. ಅವನು ನೇರ ಬೇಲಿಗೆ ಬಂದು ನಿಂತ, ಬಾಟಲಿ ಕಿತ್ತು ಅಮ್ಮಿಯ ಕೈಯಲ್ಲಿಟ್ಟ. ಮುಚ್ಚಳ ಬಿಗಿಯಾಗಿತ್ತೇನೋ, ಮತ್ತೆ ಇಸಿದುಕೊಂಡು ಹಲ್ಲಲ್ಲಿ ಕಚ್ಚಿ ತೆಗೆದುಕೊಟ್ಟ. ಅಷ್ಟರಲ್ಲಿ ಅರವತ್ತು ಸೈಕಲ್ಲು ತಿರುವಿಗೆ ಬಂದವು.

"ಹೋಗೋ ಮಾರಾಯ!" ಅಂತ ನಾನು ಅರಚಿದೆ. ಅವನಿಗೆ ಕನ್ನಡ ಬರುವುದು ಒಂದೇ ಪದ, ಆದರೂ ಅರ್ಥವಾಯಿತು. ತಲೆ ತಗ್ಗಿಸಿ ತುಳಿದ. ಗೆದ್ದ. ಎಷ್ಟರಲ್ಲಿ ಅಂದರೆ ಟೈರಿನ ಅಗಲದಲ್ಲಿ.

ಅಷ್ಟು ಹತ್ತಿರದ ಪೈಪೋಟಿಯಲ್ಲಿ ಕೈ ಬಿಟ್ಟಿದ್ದರೆ ಸೋಲುತ್ತಿದ್ದ. ಹಾಗಾಗಿ ಗೆರೆ ದಾಟುವ ಫೋಟೋದಲ್ಲಿ ಅವನ ಎರಡೂ ಕೈ ಹ್ಯಾಂಡಲ್ ಮೇಲಿವೆ. ಕೈ ಎತ್ತಿರುವುದು ಹಿಂದೆ ಬೇಲಿಯಾಚೆ ನಿಂತ ಅಮ್ಮಿ, ಒಂದು ಕೈಯಲ್ಲಿ ಬಾಟಲಿ. ಆ ಫೋಟೋ ಈಗ ಫ್ರಾನ್ಸಿನ ಬೇಕರಿಯಲ್ಲಿ ತೂಗುತ್ತಿದೆ. ಬ್ರೆಡ್ಡಿಗೆ ಬಂದವರೆಲ್ಲ ಅಮ್ಮಿಯೇ ಗೆದ್ದದ್ದು ಅಂದುಕೊಳ್ಳುತ್ತಾರಂತೆ.

ಮೊನ್ನೆ ವಿಡಿಯೋ ಕಾಲ್ ಮಾಡಿದ್ದ. "ಅಮ್ಮಿ, ಅವತ್ತು ನೀರು ಚೆನ್ನಾಗಿತ್ತಾ?" ಅಂತ ಕೇಳಿದ. ನಾನು ಕನ್ನಡ ಮಾಡಿ ಹೇಳಿದೆ.

"ಚೆನ್ನಾಗಿತ್ತಪ್ಪ," ಅಂದರು ಅಮ್ಮಿ. "ಆದ್ರೆ ನಾನು ಕೇಳಿದ್ದು ನಿನ್ನನ್ನಲ್ಲ, ನನ್ನ ಮಗನ್ನ. ಅವನು ಇನ್ನೂ ತಂದಿಲ್ಲ."