ಇಳಿಜಾರು ಎಂಬ ರಾಜದ್ರೋಹ

ಬಹಳ ಹಿಂದೆ, ಇಸವಿ ಹೇಳಿದರೆ ನನ್ನ ಮೇಲೆ ಕೇಸು ಬೀಳುವುದರಿಂದ ಬಹಳವೇ ಹಿಂದೆ, ಜೇಡಿಪುರ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ತೋಟದ ಮಣ್ಣು ಅಪ್ಪಟ ಜೇಡಿ. ಕಚೇರಿ ನಮ್ಮ ಅರ್ಜಿಯನ್ನು ಇಟ್ಟುಕೊಳ್ಳುವ ಹಾಗೆ, ಒಮ್ಮೆ ಬಿದ್ದ ನೀರನ್ನು ಅದು ಹಾಗೇ ಇಟ್ಟುಕೊಳ್ಳುತ್ತಿತ್ತು.

ಆ ತೋಟದಲ್ಲಿ ಕಲ್ಲು ಹಾಸಿದ ಅಂಗಳ ಮಾಡಿಸಿ, ಹಿಂಗೋಡೆಗೆ ಒತ್ತಿದಂತೆ ಸಿಂಹಾಸನವಿರಿಸಿ, ಬಯಲಲ್ಲೇ ಒಡ್ಡೋಲಗ ನಡೆಸಬೇಕೆಂದು ಊರ್ಧ್ವಮುಖ ಮಹಾರಾಜರ ಚಿತ್ತಕ್ಕೆ ಬಂತು. ಕೆಲಸ ಆಸ್ಥಾನಶಿಲ್ಪಿ ಮೌನಾಚಾರಿಯ ತಲೆಗೆ ಬಿತ್ತು. ಅವನಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು, ಮಾತಾಡುವುದಷ್ಟೇ ಗೊತ್ತಿರಲಿಲ್ಲ. ಅವನ ಮನೆ ಆ ಹಿಂಗೋಡೆಯಾಚೆಯ ತಗ್ಗಿನ ಕೇರಿಯಲ್ಲಿತ್ತು. ತೋಟದ ನೀರು ದಾರಿ ತಪ್ಪಿದರೆ ಮೊದಲು ನುಗ್ಗುವುದು ತನ್ನ ಅಡುಗೆಮನೆಗೆ ಎಂಬುದೂ ಅವನಿಗೆ ಗೊತ್ತಿತ್ತು.

"ಮೊಳದಷ್ಟು ಜೇಡಿ ತೆಗೆದು ಜಲ್ಲಿ ತುಂಬಬೇಕು ಮಹಾಸ್ವಾಮಿ. ಸಿಂಹಾಸನದಿಂದ ಎದುರಿನ ಕೆರೆ ಕಡೆಗೆ ಚೂರು ಇಳಿಜಾರು ಕೊಟ್ಟರೆ ನೀರು ತಾನಾಗೇ ಹೋಗುತ್ತೆ," ಎಂದ.

ಸಭೆಯಲ್ಲಿ ಮಹಾಮಂತ್ರಿ ಸ್ತುತಿಸೇನರು ಎದ್ದು ನಿಂತರು. "ಕೇಳಿದಿರಾ ಪ್ರಭು? ಸಿಂಹಾಸನದ ಮೇಲೆ ಕೂತವರಿಗೆ 'ಇಳಿ' ಅಂತಾನೆ. ಇಳಿಯದಿದ್ದರೆ 'ಜಾರು' ಅಂತಾನೆ. ಒಂದೇ ಪದದಲ್ಲಿ ಎರಡು ರಾಜದ್ರೋಹ."

"ನಾನು ಹೇಳಿದ್ದು ನೀರಿಗೆ, ಸ್ವಾಮಿ."

"ನೀರಿಗೆ ಹೇಳೋಕೆ ನೀನ್ಯಾರು? ಅದಕ್ಕೆ ಪ್ರತ್ಯೇಕ ಇಲಾಖೆ ಇದೆ."

ಅಂದೇ ನಿರೂಪ ಹೊರಟಿತು. ಇನ್ನು ರಾಜ್ಯದಲ್ಲಿ ಇಳಿಜಾರು ಎಂಬ ಪದವೂ ಇಲ್ಲ, ವಸ್ತುವೂ ಇಲ್ಲ. ಸಿಂಹಾಸನದಿಂದ ಎಲ್ಲ ನೆಲವೂ ಏರುತ್ತಲೇ ಹೋಗತಕ್ಕದ್ದು. ಬೆಟ್ಟ ಹತ್ತಿದವರು ಅಲ್ಲೇ ಇರತಕ್ಕದ್ದು, ಇಲ್ಲವೇ ಕೆಳಮುಖವಾಗಿ ಏರಿ ಬರತಕ್ಕದ್ದು.

ಹಾಗೆ ಮಾಡಿದರೆ ನೀರೆಲ್ಲ ರಾಜರ ಕಾಲಿಗೇ ಬರುತ್ತದೆ ಎಂದು ಮೌನಾಚಾರಿ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. ಹೊರಬಂದದ್ದು ಮಾತ್ರ, "ಅಪ್ಪಣೆ ಪ್ರಭು. ಇದನ್ನ ಏರುಮುಖ ಅಭಿವೃದ್ಧಿ ಮಾದರಿ ಅಂತ ಕರೀಬಹುದು." ತನ್ನ ಬೆನ್ನು ಇಷ್ಟು ಸಲೀಸಾಗಿ ಬಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಈ ಕಥೆ ಬರೆಯುತ್ತಿರುವವನೂ ಸಂಪಾದಕರ ಮುಂದೆ ಹೀಗೇ ಬಾಗುವವನಾದ್ದರಿಂದ ನಾನು ಜಾಸ್ತಿ ನಗುವ ಹಾಗಿಲ್ಲ.

ಜಲ್ಲಿಯನ್ನೂ ಮಂತ್ರಿಗಳು ಕೈಬಿಡಿಸಿದರು. ನೆಲದಡಿ ಅವಿತ ಕಾಮಗಾರಿಯನ್ನು ಉದ್ಘಾಟಿಸುವುದು ಹೇಗೆ? ಕಲ್ಲುಗಳು ನೇರ ಜೇಡಿಯ ಮೇಲೇ ಕೂತವು. ಮೊದಲ ಮಳೆಗೆ ಜೇಡಿ ಉಬ್ಬಿತು, ಕಲ್ಲುಗಳು ಒಂದೊಂದು ದಿಕ್ಕಿಗೆ ಎದ್ದವು, ನೀರೆಲ್ಲ ಸಿಂಹಾಸನದ ಬುಡಕ್ಕೆ ಹರಿದು ಪ್ರಭುಗಳ ಮೊಣಕಾಲು ಮುಟ್ಟಿತು.

"ಏನಿದು?" ಎಂದರು ಪ್ರಭುಗಳು.

"ಪಾದಪೂಜೆ," ಎಂದರು ಮಂತ್ರಿಗಳು. "ಪ್ರಕೃತಿಯೇ ಬಂದು ಮಾಡ್ತಿದೆ."

ಪ್ರಭುಗಳಿಗೆ ಸಂತೋಷವಾಯಿತು, ನೆಗಡಿಯೂ ಆಯಿತು. ಆದ್ದರಿಂದ ಹಿಂಗೋಡೆಗೆ ಕಂಡಿ ಕೊರೆದು ನೀರನ್ನು ಕೇರಿಗೆ ಬಿಟ್ಟರು. ಅದಕ್ಕೆ 'ಮನೆಗೊಂದು ಕೊಳ' ಯೋಜನೆ ಎಂದು ಹೆಸರಾಯಿತು. ಫಲಾನುಭವಿಗಳು ಕಾಲು ನೆನೆಸಿಕೊಂಡು ಸಾಲಿನಲ್ಲಿ ನಿಂತು ಕೃತಜ್ಞತಾಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಕೊಳದಲ್ಲಿ ಮೀನು ಸಾಕದವರಿಗೆ ನೋಟಿಸು ಹೋಯಿತು. ಮೌನಾಚಾರಿಗೆ 'ಏರುಶಿಲ್ಪ ಚಕ್ರವರ್ತಿ' ಎಂಬ ಬಿರುದು, ಗಂಧದ ಹಾರ, ಜರಿಪೇಟ.

ಪೇಟ ಸುತ್ತಿಕೊಂಡೇ ಮನೆಗೆ ಬಂದ. ಹೊಸ್ತಿಲೊಳಗೆ ಹಿಮ್ಮಡಿ ಮುಳುಗುವಷ್ಟು ಜೇಡಿನೀರು. ಒಲೆ ಆರಿತ್ತು, ರಾಗಿ ಮೂಟೆ ನೆನೆದಿತ್ತು. ಹೆಂಡತಿ ಕಾಳಮ್ಮ ಒರಳುಕಲ್ಲಿನ ಮೇಲೆ ಕಾಲು ಮಡಚಿ ಕೂತಿದ್ದಳು.

"ಅಷ್ಟು ದೊಡ್ಡ ಶಿಲ್ಪಿ ನೀವು. ಈ ನೀರು ಆಚೆ ಹೋಗ್ಬೇಕಾದ್ರೆ ಏನ್ ಮಾಡ್ಬೇಕು, ಅಷ್ಟು ಹೇಳಿ ಸಾಕು."

ಉತ್ತರ ಒಂದೇ ಪದ. ಅವನು ಕಿಟಕಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, "ನೆಲಾನ ಸ್ವಲ್ಪ ಕೆಳಮುಖವಾಗಿ ಏರಿಸಬೇಕು ಕಣೇ," ಎಂದ.

ಕಾಳಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. "ಆ ಪೇಟ ಎಷ್ಟು ಮೊಳ ಇದೆ?" ಎಂದಳು.

"ಹದಿನೆಂಟು."

"ಬಿಚ್ಚಿ ಕೊಡಿ. ನೆಲ ಒರೆಸ್ಬೇಕು."

ಬಿಚ್ಚಿ ಕೊಟ್ಟ. ಅಪ್ಪಟ ಜರಿ, ಒಂದು ಹನಿ ನೀರನ್ನೂ ಹೀರಲಿಲ್ಲ.